ಟಗರಿನ ಮಂಡಿ, ನನ್ನ ಮಂಡಿ

ಹೋದ ವಾರ ಭಾಗ್ಯಳ ಕಣ್ಣು ತೋರಿಸಲು ಊಟಿಯ ಆಸ್ಪತ್ರೆಗೆ ಹೋಗಿದ್ದೆವು. ಭಾಗ್ಯ ನನ್ನ ಹೆಂಡತಿ. ಅವಳ ಹೆಸರು ಕೂಗುವವರೆಗೆ ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಒದ್ದೆ ಸ್ವೆಟರು, ಸ್ಪಿರಿಟ್ಟು, ಯಾರೋ ಫ್ಲಾಸ್ಕಿನಿಂದ ಬಗ್ಗಿಸುತ್ತಿದ್ದ ಶುಂಠಿ ಟೀ, ಮೂರೂ ಬೆರೆತ ವಾಸನೆ ಮೂಗಿಗೆ ಬಂತು. ನನ್ನ ಕೈ ತಾನಾಗಿಯೇ ಎಡ ಮಂಡಿಯ ಮೇಲೆ ಹೋಯಿತು. ಮೂರು ವರ್ಷದ ಹಿಂದೆ, ಒಂದು ಜುಲೈ ತಿಂಗಳಿಂದ ಮುಂದಿನ ಜೂನ್‌ವರೆಗೆ, ಈ ವಾಸನೆಯೊಳಗೆ ಎಷ್ಟು ಸಲ ಕೂತಿದ್ದೆನೋ ಲೆಕ್ಕವಿಲ್ಲ. ಆ ವರ್ಷ ನನ್ನ ಮಂಡಿಯ ಬಗ್ಗೆ ತಿಳಿದುಕೊಂಡಷ್ಟು ನಾನು ಬೇರೆ ಯಾವುದರ ಬಗ್ಗೆಯೂ ತಿಳಿದುಕೊಂಡಿಲ್ಲ.

ಊಟಿ ಬೆಟ್ಟದ ಬುಡದ ಮಸಿನಗುಡಿಯಲ್ಲಿ ನನ್ನದೊಂದು ಮಟನ್ ಅಂಗಡಿ ಇದೆ. ಅಪ್ಪ ಗುಂಡ್ಲುಪೇಟೆ ಕಡೆಯಿಂದ ಕುರಿ ತಂದು ಮಾರುತ್ತಾ ಮಾರುತ್ತಾ ಇಲ್ಲಿಯೇ ಉಳಿದುಕೊಂಡವರು. ಮನೆ ಹತ್ತಿರದ ಮಾವನಲ್ಲ ಎಂಬ ಹಳ್ಳಿಯಲ್ಲಿ. ಹದಿನಾರನೇ ವಯಸ್ಸಿಗೆ ಕತ್ತಿ ಹಿಡಿದ ನನಗೆ ಆಗ ನಲವತ್ತನಾಲ್ಕು. ಅಷ್ಟು ವರ್ಷದಲ್ಲಿ ಎಷ್ಟು ಸಾವಿರ ಕಾಲು ಬಿಡಿಸಿದ್ದೇನೋ. ಹಿಂಗಾಲನ್ನು ಮಂಡಿಯಲ್ಲಿ ಬಿಡಿಸುವುದಕ್ಕೆ ಬಲ ಬೇಡ, ಜಾಗ ಗೊತ್ತಿರಬೇಕು. ಚಿಪ್ಪಿನ ಕೆಳಗೆ ಚಾಕುವಿನ ತುದಿ ತೂರಿಸಿ, ಒಳಗಿನ ಬಿಳಿ ನಾರು ಕೊಯ್ದು, ಕಾಲನ್ನು ಸ್ವಲ್ಪ ತಿರುಚಿದರೆ ಟಪ್ ಎಂದು ಕೈಗೆ ಬರುತ್ತದೆ.

ಜೂನ್‌ನಲ್ಲಿ ಬೆಟ್ಟದ ಮೇಲೆ ಊಟಿಯೆಲ್ಲ ಮೋಡದೊಳಗೆ ಮುಳುಗಿರುತ್ತದೆ. ಕೆಳಗೆ ನಮ್ಮಲ್ಲಿ ಮಳೆಗಿಂತ ಗಾಳಿ ಹೆಚ್ಚು. ಅಂಥ ಗಾಳಿಯ ಒಂದು ಬೆಳಿಗ್ಗೆ ಅಂಗಡಿಯ ಮುಂದೆ ಪಿಕಪ್ಪಿನಿಂದ ಕುರಿ ಇಳಿಸಿಕೊಳ್ಳುತ್ತಿದ್ದೆ. ಒಂದು ಟಗರು ನನ್ನ ಪಕ್ಕದಿಂದ ಹಾರಿತು. ಕೊಂಬು ಹಿಡಿದೆ. ನನ್ನ ಎಡಗಾಲು ಚರಂಡಿಯ ಎರಡು ಕಲ್ಲಿನ ನಡುವೆ ಇತ್ತು. ಟಗರಿನ ಜೊತೆ ಮೈ ತಿರುಗಿತು, ಪಾದ ತಿರುಗಲಿಲ್ಲ. ಮಂಡಿಯೊಳಗೆ ಟಪ್ ಎಂದಿತು.

ಆ ಸದ್ದು ನನಗೆ ಗೊತ್ತಿತ್ತು. ನೆಲದ ಮೇಲೆ ಕೂತು, ನೋವಿಗಿಂತ ಮೊದಲು, ಯಾವುದು ಹರಿದಿರಬಹುದು ಎಂದು ಯೋಚಿಸಿದ್ದು ನೆನಪಿದೆ.

ಸಂಜೆಯೊಳಗೆ ಮಂಡಿ ತೆಂಗಿನಕಾಯಿಯಷ್ಟು ಊದಿತು. ಗೂಡಲೂರಿನಲ್ಲಿ ಎಣ್ಣೆ ಹಚ್ಚಿ ಉಳುಕು ತೆಗೆಯುವ ಒಬ್ಬ ಮುದುಕರ ಬಳಿ ಕರೆದುಕೊಂಡು ಹೋದರು. ಅವರು ಎಣ್ಣೆಯ ಬಟ್ಟಲನ್ನು ಮುಟ್ಟಲೂ ಇಲ್ಲ. ಮಂಡಿಯ ಎರಡೂ ಕಡೆ ಬೆರಳಿಟ್ಟು ನೋಡಿ, ಮಲಯಾಳ ಬೆರೆತ ತಮಿಳಿನಲ್ಲಿ, ಇದು ಮೂಳೆಯದಲ್ಲ, ಒಳಗಿನದು, ನನ್ನ ಕೈಗೆ ಎಟುಕುವುದಿಲ್ಲ, ಊಟಿಗೆ ಹೋಗು ಎಂದರು. ನಾನು ಹೋಗಲಿಲ್ಲ. ಮೂರು ವಾರದಲ್ಲಿ ಊತ ಇಳಿಯಿತು, ನೇರ ನಡೆದರೆ ಏನೂ ಇಲ್ಲ. ಎಲ್ಲ ಸರಿಹೋಯಿತು ಅಂದುಕೊಂಡೆ. ಆದರೆ ಏನನ್ನಾದರೂ ತೆಗೆದುಕೊಳ್ಳಲು ಪಕ್ಕಕ್ಕೆ ತಿರುಗಿದರೆ ಮಂಡಿ ಒಳಗೊಳಗೇ ಜಾರಿದ ಹಾಗೆ ಆಗುತ್ತಿತ್ತು. ಮೇಲಿನ ಮೂಳೆ ಒಂದು ಕಡೆಗೆ, ಕೆಳಗಿನದು ಇನ್ನೊಂದು ಕಡೆಗೆ. ಒಂದು ಕ್ಷಣ ಅಷ್ಟೆ, ಮತ್ತೆ ಸರಿ.

ಜುಲೈನ ಒಂದು ಭಾನುವಾರ, ಅಂಗಡಿ ತುಂಬ ಜನ. ಭಾಗ್ಯ ನನ್ನ ಪಕ್ಕದಲ್ಲಿ ನಿಂತು ಕೊಯ್ದದ್ದನ್ನು ಕವರಿಗೆ ತುಂಬುತ್ತಿದ್ದಳು. ನಾನು ಕತ್ತಿ ಎತ್ತಿದವನು ಯಾರೋ ಕರೆದರೆಂದು ಹಾಗೆಯೇ ತಿರುಗಿದೆ. ಮಂಡಿ ಜಾರಿತು. ಕತ್ತಿ ಮರದ ದಿಮ್ಮಿಗೆ ಕಚ್ಚಿಕೊಂಡು ನಿಂತಿತು. ಭಾಗ್ಯಳ ಮಣಿಕಟ್ಟಿಗೂ ಅದಕ್ಕೂ ನಡುವೆ ಒಂದು ಬೆರಳು ಜಾಗ. ಅವಳು ಕೂಗಲಿಲ್ಲ. ಕತ್ತಿ ನೋಡಿದಳು, ನನ್ನನ್ನು ನೋಡಿದಳು. ಕೈಯಲ್ಲಿದ್ದ ಕವರನ್ನು ಗಿರಾಕಿಗೆ ಕೊಟ್ಟು, ಸೆರಗಿಗೆ ಕೈ ಒರೆಸಿಕೊಂಡು, "ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಊಟಿಗೆ. ಎದುರು ಮಾತಾಡಬ್ಯಾಡಿ" ಎಂದಳು.

ಕಲ್ಲಟ್ಟಿ ಘಾಟಿನ ಒಂದೊಂದು ತಿರುವಿನಲ್ಲೂ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು ಊಟಿ ತಲುಪಿದೆ. ಮೂಳೆ ವಿಭಾಗದಲ್ಲಿದ್ದವರು ಡಾಕ್ಟರ್ ಸುಮತಿ. ತುಮ್ಮನಟ್ಟಿ ಕಡೆಯ ಬಡಗರ ಮನೆಯ ಹುಡುಗಿ, ಮೂವತ್ತೈದು ದಾಟಿರಲಿಲ್ಲ. ಅವರದು ಕನ್ನಡಕ್ಕೆ ಹತ್ತಿರದ ಬಡಗ ಮಾತು, ನನ್ನದು ಗುಂಡ್ಲುಪೇಟೆ ಕನ್ನಡ, ಎಲ್ಲಾದರೂ ಸಿಕ್ಕಿಕೊಂಡರೆ ಇಬ್ಬರಿಗೂ ಬರುವ ತಮಿಳು. ಹಾಗೆಯೇ ವರ್ಷವಿಡೀ ಮಾತಾಡಿದೆವು. ಅವರ ಮಾತನ್ನು ಇಲ್ಲಿ ನನ್ನ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಮಲಗಿಸಿ, ಒಂದು ಕೈಯಲ್ಲಿ ನನ್ನ ತೊಡೆ ಹಿಡಿದು, ಇನ್ನೊಂದು ಕೈಯಿಂದ ಮಂಡಿಯ ಕೆಳಗೆ ಹಿಡಿದು ಮುಂದಕ್ಕೆ ಎಳೆದರು. ಮೇಜಿನ ಸಡಿಲ ಡ್ರಾಯರಿನ ಹಾಗೆ ಕಾಲು ಮುಂದೆ ಬಂತು. ಬಲಗಾಲನ್ನೂ ಹಾಗೆಯೇ ಎಳೆದರು, ಅದು ಬರಲಿಲ್ಲ.

"ಏನು ಕೆಲಸ ಅಣ್ಣ ನಿಮ್ಮದು?"

"ಮಟನ್ ಅಂಗಡಿ."

ಅವರ ಮುಖ ಅರಳಿತು. "ಹಾಗಾದರೆ ನಿಮಗೆ ಚಿತ್ರ ಬರೆದು ತೋರಿಸೋ ಕೆಲಸ ಇಲ್ಲ."

ಸ್ಕ್ಯಾನ್ ಆಯಿತು. ಮಂಡಿಯೊಳಗೆ ಒಂದಕ್ಕೊಂದು ಅಡ್ಡವಾಗಿ ಇರುವ ಎರಡು ಲಿಗಮೆಂಟಿನಲ್ಲಿ ಮುಂದಿನದು ಪೂರ್ತಿ ಹರಿದಿತ್ತು. ನಾವು ಅಂಗಡಿಯಲ್ಲಿ ಅದನ್ನು ನರ ಎನ್ನುತ್ತೇವೆ. ನರ ಬೇರೆ, ಇದು ಮೂಳೆಗೆ ಮೂಳೆ ಕಟ್ಟುವ ಹುರಿ ಎಂದು ಅವರು ತಿದ್ದಿದರು.

"ಹೊಲಿಯಕ್ಕಾಗಲ್ವಾ ಡಾಕ್ಟ್ರಮ್ಮ?"

"ತುದಿ ನೆನೆದ ಹತ್ತಿಯ ಹಾಗಾಗಿರುತ್ತೆ, ದಾರ ನಿಲ್ಲಲ್ಲ. ಹೊಸದೊಂದು ಹುರಿ ಹಾಕಬೇಕು."

"ಯಾತರದು? ಕುರೀದಾ?"

ಅವರು ಜೋರಾಗಿ ನಕ್ಕರು. "ನಿಮ್ಮದೇ. ತೊಡೆ ಹಿಂದಿನ ಸ್ನಾಯುವಿನ ತುದೀಲಿ ಉದ್ದ ಹುರಿ ಇರುತ್ತೆ, ನೀವು ನೋಡೇ ಇರ್ತೀರಿ. ಅದರಲ್ಲಿ ಎರಡು ತೆಗೀತೀವಿ. ಮಡಿಸಿ, ಮೂಳೆಯಲ್ಲಿ ತೂತು ಕೊರೆದು, ಹರಿದದ್ದರ ಜಾಗದಲ್ಲಿ ಕೂರಿಸ್ತೀವಿ. ತೆಗೆದ ಜಾಗದ ಕೆಲಸವನ್ನ ಪಕ್ಕದ ಸ್ನಾಯುಗಳು ನೋಡ್ಕೊಳ್ತವೆ."

ಎಲ್ಲರಿಗೂ ಆಪರೇಷನ್ ಬೇಕಾಗುವುದಿಲ್ಲ ಎಂದೂ ಹೇಳಿದರು. ನಲವತ್ತು ದಾಟಿದವರು, ನೇರ ನಡೆಯುವ ಕೆಲಸದವರು, ತೊಡೆಗೆ ಬಲ ಬರಿಸಿಕೊಂಡು ಹಾಗೆಯೇ ಇದ್ದುಬಿಡುವುದುಂಟು. "ಆದರೆ ನೀವು ಕತ್ತಿ ಹಿಡಿದು ತಿರುಗೋರು. ಒಂದು ತಿಂಗಳು ವ್ಯಾಯಾಮ ಮಾಡಿ, ಆಮೇಲೆ ನೀವೇ ಹೇಳಿ."

ನನಗೆ ಒಂದು ಅರ್ಥವಾಗಲಿಲ್ಲ. ಅವರು ಹೇಳುವ ಆ ಹುರಿಯನ್ನು ನಾನು ದಿನವೂ ಕೊಯ್ದು ನಾಯಿಗೆ ಎಸೆಯುತ್ತೇನೆ. ಕೊಯ್ದ ಮೇಲೆ ಅದು ಸತ್ತದ್ದು. ಸತ್ತದ್ದನ್ನು ತಂದು ಒಳಗೆ ಕಟ್ಟಿದರೆ ಅದು ಮತ್ತೆ ಹೇಗೆ ಬದುಕುತ್ತದೆ? ಕೇಳಿದೆ. ಅವರು ಬಾಗಿಲಾಚೆಯ ಸಾಲು ನೋಡಿ, "ಒಳ್ಳೆ ಪ್ರಶ್ನೆ ಅಣ್ಣ, ಒಂದು ದಿನ ನಿಧಾನವಾಗಿ ಹೇಳ್ತೀನಿ" ಎಂದರು.

ಮಾರನೆಯ ಬೆಳಿಗ್ಗೆ ಅಂಗಡಿಯಲ್ಲಿ ಸ್ಟೂಲ್ ಹಾಕಿಕೊಂಡು ಕೂತೆ. ಒಂದು ಟಗರಿನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಮಂಡಿಯನ್ನು ನಿಧಾನವಾಗಿ ಬಿಚ್ಚಿದೆ. ಇಪ್ಪತ್ತೆಂಟು ವರ್ಷ ಕೊಯ್ದವನು ಅವತ್ತು ಮೊದಲ ಸಲ ನೋಡಿದೆ. ಒಳಗೆ ಎರಡು ಹುರಿ, ಕೈ ಕಟ್ಟಿ ನಿಂತವರ ಹಾಗೆ ಒಂದರ ಮೇಲೊಂದು. ಮುಂದಿನದನ್ನು ಮಾತ್ರ ಕೊಯ್ದೆ. ಕೆಳಗಿನ ಮೂಳೆಯನ್ನು ಡಾಕ್ಟ್ರಮ್ಮ ಎಳೆದ ಹಾಗೆ ಎಳೆದೆ. ಜಾರಿ ಮುಂದೆ ಬಂತು. ನನ್ನ ಕಾಲು ಹೇಗೆ ಬಂದಿತ್ತೋ ಥೇಟ್ ಹಾಗೆ. ಹೆದರಿಕೆಯ ಜೊತೆಗೆ ಖುಷಿಯೂ ಆಯಿತು. ಇನ್ನೊಂದು ಕಾಲು ತೆಗೆದುಕೊಂಡೆ.

"ಗಿರಾಕಿ ನಿಂತವ್ರೆ ಕಣ್ರೀ. ಅದೇನು ಅಷ್ಟೊತ್ತಿಂದ ಇಣುಕಿ ನೋಡ್ತಾ ಕುಂತಿದ್ದೀರಿ?" ಎಂದಳು ಭಾಗ್ಯ.

"ಬಾ ಇಲ್ಲಿ. ನನ್ನ ಮಂಡಿ ಒಳಗೆ ಹಿಂಗೇ ಅದ, ನೋಡು."

"ನಂಗೆ ಬ್ಯಾಡ" ಎಂದು ಆಚೆ ಹೋದವಳು ಹಿಂದಿನಿಂದ ಬಂದು ಬಗ್ಗಿ ನೋಡಿಯೇ ಹೋದಳು.

ತಿಂಗಳಾದ ಮೇಲೆ ಊಟಿಗೆ ಹೋಗುವಾಗ ಒಂದು ಮಂಡಿಯನ್ನು ಚೆನ್ನಾಗಿ ತೊಳೆದು ಸ್ಟೀಲ್ ಟಿಫನ್ ಡಬ್ಬಿಯಲ್ಲಿ ಹಾಕಿಕೊಂಡು ಹೋದೆ. ಡಾಕ್ಟ್ರಮ್ಮನ ಮೇಜಿನ ಮೇಲೆ ಇಟ್ಟು ಮುಚ್ಚಳ ತೆಗೆದೆ. ಅವರು ಎದ್ದು ಹೋಗಿ ಬಾಗಿಲು ಹಾಕಿ ಬಂದರು. ಬೈಯುತ್ತಾರೆ ಅಂದುಕೊಂಡೆ. ಕೈಗೆ ಗ್ಲೌಸ್ ಹಾಕಿಕೊಂಡು, ಪೆನ್ನಿನ ತುದಿಯಿಂದ, ಇಲ್ಲಿ ಕೊರೆಯುತ್ತೇವೆ, ಇಲ್ಲಿಂದ ಹೊರಗೆ ಬರುತ್ತೇವೆ, ಮೇಲುಗಡೆ ಅಂಗಿ ಗುಂಡಿಗಿಂತ ಚಿಕ್ಕದೊಂದು ಲೋಹದ ಗುಂಡಿಗೆ ಹುರಿ ನೇತುಹಾಕುತ್ತೇವೆ, ಕೆಳಗೆ ಸ್ಕ್ರೂ ಬಿಗಿಯುತ್ತೇವೆ ಎಂದು ಹತ್ತು ನಿಮಿಷ ತೋರಿಸಿದರು. ಕೊನೆಗೆ ಮುಚ್ಚಳ ಹಾಕಿ, "ಅಣ್ಣ, ಇನ್ನೊಂದು ಸಲ ಟಿಫನ್ ಡಬ್ಬೀಲಿ ತರಬೇಡಿ. ನಮ್ಮ ನರ್ಸಮ್ಮ ಊಟ ಅಂತ ತೆಗೆದರೆ ನನ್ನ ಗತಿ ಏನು?" ಎಂದರು.

"ಆಪರೇಷನ್ ಮಾಡಿಬುಡಿ ಡಾಕ್ಟ್ರಮ್ಮ. ಆದರೆ ನಂಗೆ ನೋಡಬೇಕು."

ಆಗಸ್ಟ್ ಮಧ್ಯದಲ್ಲಿ ಆಯಿತು. ಕಿಟಕಿಯ ಹೊರಗೆ ಏನೂ ಕಾಣದಷ್ಟು ಮಂಜು. ಬೆನ್ನಿಗೆ ಸೂಜಿ ಹಾಕಿದ ಸ್ವಲ್ಪ ಹೊತ್ತಿಗೆ ಸೊಂಟದ ಕೆಳಗೆ ನಾನು ಇಲ್ಲವಾದೆ. ಯಾರೋ ಒಂದು ಕಾಲನ್ನು ಮೇಲೆತ್ತಿ ಔಷಧಿ ಬಳಿಯುತ್ತಿದ್ದರು. ಅದು ನನ್ನದೆಂದು ಕಾಲಿನ ಮೇಲಿನ ಹಳೇ ಗಾಯದ ಗುರುತಿನಿಂದ ತಿಳಿದುಕೊಂಡೆ. ಆಮೇಲೆ ಎದುರಿಗೆ ಹಸಿರು ಬಟ್ಟೆ ಕಟ್ಟಿದರು. ಮಾತು ಕೊಟ್ಟಿದ್ದ ಹಾಗೆ ಡಾಕ್ಟ್ರಮ್ಮ ಟಿವಿಯನ್ನು ನನ್ನ ಕಡೆ ತಿರುಗಿಸಿದರು.

ಮಂಡಿಯೊಳಗೆ ನೀರು ಹರಿಸಿ ಕ್ಯಾಮೆರಾ ಬಿಡುತ್ತಾರೆ. ಎಳನೀರಿನ ಎಳೇ ಗಂಜಿಯಷ್ಟು ಬೆಳ್ಳಗೆ, ನುಣ್ಣಗೆ ಇದ್ದದ್ದು ನನ್ನ ಮೂಳೆಯ ತುದಿ. ಅಷ್ಟು ಚೆಂದದ್ದು ನನ್ನೊಳಗೆ ಇದೆಯೆಂದು ನನಗೆ ಗೊತ್ತಿರಲಿಲ್ಲ. ಕ್ಯಾಮೆರಾ ಒಳಕ್ಕೆ ಹೋದ ಹಾಗೆ ಹಳ್ಳದ ನೀರಿನಲ್ಲಿ ಪಾಚಿ ಅಲ್ಲಾಡುವಂತೆ ಎಳೆಎಳೆಯಾಗಿ ಏನೋ ಅಲ್ಲಾಡುತ್ತಿತ್ತು. "ನೋಡಿದ್ರಾ? ಟಗರು ಮಾಡಿದ ಕೆಲಸ" ಎಂದರು.

ಪಕ್ಕದ ಮೇಜಿನಲ್ಲಿ ಅವರ ಸಹಾಯಕರು ತೊಡೆಯಿಂದ ತೆಗೆದ ಹುರಿಯನ್ನು ಹಲಗೆಯ ಮೇಲೆ ಚಾಚಿ, ಅಲಗಿನ ಹಿಂಬದಿಯಿಂದ ಅಂಟಿದ್ದ ಮಾಂಸವನ್ನು ಹೆರೆಯುತ್ತಿದ್ದರು. ತಲೆ ಹೊರಳಿಸಿ ನೋಡಿದೆ. ನಾನೂ ಹಾಗೆಯೇ ಹೆರೆಯುವುದು. ಕೈ ಒಂದು ಕಡೆಯೂ ತಡೆಯಲಿಲ್ಲ. "ಒಳ್ಳೆ ಕೈ" ಎಂದೆ. ಒಳಗಿದ್ದವರೆಲ್ಲ ನಕ್ಕರು. ಡಾಕ್ಟ್ರಮ್ಮ ಮಾತ್ರ ನಗಲಿಲ್ಲ, ಆ ಹೊತ್ತಿಗೆ ಮೂಳೆ ಕೊರೆಯುತ್ತಿದ್ದರು. ನಾಲ್ಕೆಳೆಯಾಗಿ ಮಡಿಸಿದ ಹುರಿ ಕೆಳಗಿನ ತೂತಿನಿಂದ ಮೇಲೆದ್ದು, ಆ ಬಿಳುಪಿನ ನಡುವೆ ಓರೆಯಾಗಿ ಬಿಗಿದು ನಿಂತದ್ದನ್ನು ನನ್ನ ಎರಡೂ ಕಣ್ಣಿನಿಂದ ನೋಡಿದೆ. ಕಣ್ಣಲ್ಲಿ ನೀರು ಯಾಕೆ ಬಂತೋ ತಿಳಿಯದು. ನೋವಂತೂ ಇರಲಿಲ್ಲ.

ನೋವು ಆಮೇಲೆ ಬಂತು. ಅದನ್ನು ಬರೆಯುವುದಿಲ್ಲ, ಅನುಭವಿಸಿದವರಿಗೆ ಗೊತ್ತು. ಮನೆಯಲ್ಲಿ ಕಾಲು ಚಾಚಿ ಮಲಗಿ, ಮಂಡಿ ಮಡಿಸದೆ ಇಡೀ ಕಾಲನ್ನು ಒಂದು ಗೇಣು ಎತ್ತುವುದೇ ದೊಡ್ಡ ಕೆಲಸ. ಮೊದಲ ದಿನ ಎತ್ತು ಎಂದು ತಲೆ ಹೇಳಿತು, ತೊಡೆ ಕೇಳಿಸಿಕೊಳ್ಳಲೇ ಇಲ್ಲ. ಮೂರನೆಯ ದಿನ ಎದ್ದಿತು. ಮಂಡಿಯ ಕೆಳಗೆ ಅಂಗೈಯಗಲ ಜಾಗ ಮರಗಟ್ಟಿತ್ತು. ಬೆಂಕಿಕಡ್ಡಿಯಿಂದ ಅದರ ಸುತ್ತ ಚುಚ್ಚಿ ಚುಚ್ಚಿ, ಎಲ್ಲಿಂದ ಎಲ್ಲಿಗೆ ಸುಮ್ಮನಾಗಿದೆ ಎಂದು ಪೆನ್ನಿನಿಂದ ಗೆರೆ ಹಾಕಿಡುತ್ತಿದ್ದೆ. ವಾರಕ್ಕೊಮ್ಮೆ ಗೆರೆ ಒಳಕ್ಕೆ ಸರಿಯುತ್ತಿತ್ತು. ಊರುಗೋಲು ಹಿಡಿದು ಅಂಗಳಕ್ಕೆ ಬಂದರೆ ಅಕ್ಕಪಕ್ಕದವರು, "ಆನೆ ಬಂದರೆ ಹೆಂಗೆ ಓಡ್ತೀಯಾ ಸಿದ್ದರಾಜು?" ಎನ್ನುತ್ತಿದ್ದರು. ಎರಡು ಕಾಲು ನೆಟ್ಟಗಿದ್ದವರು ಆನೆಯ ಮುಂದೆ ಎಷ್ಟು ದೂರ ಓಡುತ್ತಾರೋ!

ಅಂಗಡಿ ಮುಚ್ಚಲಿಲ್ಲ. ಭಾಗ್ಯ ಕತ್ತಿ ಹಿಡಿದಳು. ಹತ್ತೊಂಬತ್ತು ವರ್ಷ ನನ್ನ ಪಕ್ಕದಲ್ಲಿ ಕವರ್ ಕಟ್ಟಿದವಳು ಒಂದು ದಿನವೂ ಹಿಡಿದಿರಲಿಲ್ಲ. ಮೊದಮೊದಲು ಕೆಲವರು ಬಂದು, ಅವಳನ್ನು ನೋಡಿ, ಆಮೇಲೆ ಬರ್ತೀವಿ ಎಂದು ಹೊರಟುಹೋಗುತ್ತಿದ್ದರು. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ನಾನೂ ಅಂಗಡಿಗೆ ಹೋಗಿ ಸ್ಟೂಲ್ ಮೇಲೆ ಕಾಲು ಚಾಚಿ ಕೂತು, ಇಲ್ಲಿ ಹಾಕು, ಅಲ್ಲಿ ಬೇಡ ಎಂದು ಹೇಳತೊಡಗಿದೆ. ಅವಳು ಕೇಳಿದ್ದನ್ನು ಕೇಳಿದಳು, ಬಿಟ್ಟದ್ದನ್ನು ಬಿಟ್ಟಳು. ನಾನು ಎರಡು ಏಟಿಗೆ ಮಾಡುವುದನ್ನು ಅವಳು ಐದಕ್ಕೆ ಮಾಡುತ್ತಿದ್ದಳು, ಆದರೆ ತುಂಡುಗಳು ಒಂದೇ ಸಮ, ಮೂಳೆಯ ಚೂರು ಒಂದೂ ಇರುತ್ತಿರಲಿಲ್ಲ. ಆಚೆ ಹೋಗಿದ್ದವರು ತಿರುಗಿ ಬಂದರು.

ಒಂದನ್ನು ಮಾತ್ರ ಅವಳು ನಾನು ಹೇಳಿದ ಹಾಗೆ ಮಾಡಲೇ ಇಲ್ಲ. ಮಂಡಿ ಬಿಡಿಸುತ್ತಿರಲಿಲ್ಲ. ಮೇಲೆ ಒಂದು ಏಟು, ಕೆಳಗೆ ಒಂದು ಏಟು, ಮಂಡಿಯನ್ನು ಇಡಿಯಾಗಿ ಸೂಪಿನ ಮೂಳೆಯ ಜೊತೆ ಇಟ್ಟುಬಿಡುತ್ತಿದ್ದಳು. "ಅದು ಬರೀ ಚಾಕು ಆಡಿಸೋ ಕೆಲಸ ಕಣೇ, ಕತ್ತಿ ಯಾಕೆ?" ಎಂದು ಎರಡು ಸಲ ಹೇಳಿದೆ. ಮೂರನೆಯ ಸಲ ಹೇಳಿದಾಗ ತಲೆ ಎತ್ತದೆಯೇ, "ಆ ಸದ್ದು ನಂಗಾಗಕಿಲ್ಲ. ಅವತ್ತು ನಾನು ಅಂಗಡಿ ಒಳಗಿದ್ದೆ. ಅಲ್ಲಿಗೂ ಕೇಳಿಸ್ತು" ಎಂದಳು.

ಅಷ್ಟು ದಿನ ಆ ಸದ್ದು ನನ್ನೊಬ್ಬನದೇ ಎಂದುಕೊಂಡಿದ್ದೆ.

ದೀಪಾವಳಿ ಬಂತು. ನಮ್ಮ ಕಡೆ ಮಟನ್ ಅಂಗಡಿಗೆ ಅದೇ ವರ್ಷದ ದೊಡ್ಡ ದಿನ. ಮಸಿನಗುಡಿಗೆ ನಿಜವಾದ ಮಳೆ ಬರುವುದೂ ಆಗಲೇ. ಬೆಳಿಗ್ಗೆ ಆರಕ್ಕೇ ಕೊಡೆಗಳ ಸಾಲು ರಸ್ತೆವರೆಗೆ ನಿಂತಿತ್ತು. ಆಪರೇಷನ್ ಆಗಿ ಹನ್ನೊಂದು ವಾರ. ಊರುಗೋಲು ಬಿಟ್ಟಿದ್ದೆ, ನೋವಿಲ್ಲ, ಊತವಿಲ್ಲ, ಮೆಟ್ಟಿಲು ಹತ್ತುತ್ತಿದ್ದೆ. ಡಾಕ್ಟ್ರಮ್ಮ ಭಾರ ಎತ್ತಬೇಡಿ ಎಂದದ್ದು ನೆನಪಿತ್ತು. ಆದರೆ ನನ್ನ ಕಾಲು ಚೆನ್ನಾಗಿರುವುದು ನನಗೆ ಗೊತ್ತಾಗುತ್ತಿತ್ತಲ್ಲ! ಭಾಗ್ಯ ಒಬ್ಬಳೇ ಬೆವರುತ್ತಿದ್ದುದನ್ನು ನೋಡಲಾಗದೆ ಎದ್ದೆ. ಸುಲಿದ ಇಡೀ ಕುರಿಯೊಂದನ್ನು ಹೆಗಲಿಗೆ ಹಾಕಿಕೊಂಡು ಕೊಕ್ಕೆಯ ಕಡೆ ತಿರುಗಿದೆ. ಒದ್ದೆ ನೆಲದಲ್ಲಿ ಎಡಗಾಲು ಒಂದಿಷ್ಟು ಜರುಗಿತು. ಮಂಡಿಯೊಳಗೆ ಚಳುಕ್ ಎಂದಿತು.

ಕುರಿಯನ್ನು ಅಲ್ಲೇ ಬಿಟ್ಟು ಗೋಡೆ ಹಿಡಿದುಕೊಂಡೆ. ಭಾಗ್ಯ ಕತ್ತಿ ಕೆಳಗಿಟ್ಟಳು. ಅಷ್ಟು ಜನರ ಎದುರಿಗೆ ಅವಳ ಬಾಯಿಂದ ಬಂದದ್ದು ಒಂದೇ ಮಾತು. "ನಾನು ಇಷ್ಟು ದಿನ ಮಾಡಿದ್ದು ಸಾಲಲಿಲ್ವಾ ನಿಮಗೆ?"

ಸ್ಟೂಲ್ ಮೇಲೆ ಕೂತು ಮಧ್ಯಾಹ್ನದವರೆಗೆ ಕವರ್ ಕಟ್ಟಿದೆ.

ಹಬ್ಬದ ಮಾರನೆಯ ದಿನ ಊಟಿಗೆ ಹೋದೆ. ಡಾಕ್ಟ್ರಮ್ಮ ಮೊದಲಿನ ಹಾಗೆ ತೊಡೆ ಹಿಡಿದು ಕಾಲನ್ನು ಮುಂದಕ್ಕೆ ಎಳೆದರು. ಕಾಲು ಸ್ವಲ್ಪ ಬಂದು ಗಟ್ಟಿಯಾಗಿ ನಿಂತಿತು. ಇನ್ನೊಮ್ಮೆ ಎಳೆದರು. ನಿಂತಿತು. "ಉಳಿದಿದೆ" ಎಂದರು. ಆಮೇಲೆ ಬೈದರು. ಅವರ ಬಡಗದಲ್ಲಿ ನನಗೆ ಅರ್ಥವಾಗದ ಮಾತನ್ನು ತಮಿಳಿನಲ್ಲಿ ತಿಳಿಸದೆ ಬಿಟ್ಟದ್ದು ಅದೊಂದೇ ದಿನ. ಸಿಟ್ಟು ಇಳಿದ ಮೇಲೆ ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು.

"ಅವತ್ತು ಕೇಳಿದ್ರಲ್ಲ ಅಣ್ಣ, ಕೊಯ್ದದ್ದು ಹೇಗೆ ಬದುಕುತ್ತೆ ಅಂತ? ನೀವು ಹೇಳಿದ್ದೇ ಸರಿ. ನಾವು ಹಾಕಿದ ದಿನ ಅದು ಹೆಚ್ಚುಕಮ್ಮಿ ಸತ್ತದ್ದೇ. ಅದಕ್ಕೆ ರಕ್ತ ಇಲ್ಲ. ಆದರೆ ನಿಮ್ಮ ಮೈ ಅದನ್ನ ಹೊರಗೆ ಹಾಕಲ್ಲ. ಸುತ್ತಲಿಂದ ಸಣ್ಣ ಸಣ್ಣ ರಕ್ತನಾಳ ಅದರೊಳಕ್ಕೆ ತೆವಳಿಕೊಂಡು ಹೋಗ್ತವೆ. ಹಳೇದನ್ನ ಕರಗಿಸಿ ಹೊಸದನ್ನ ಕಟ್ತಾ ಹೋಗ್ತವೆ. ಹಳೇದು ಕರಗಿ, ಹೊಸದು ಇನ್ನೂ ಗಟ್ಟಿಯಾಗದ ಹೊತ್ತು ಒಂದಿದೆ. ಎರಡು ಮೂರು ತಿಂಗಳಲ್ಲಿ ಬರುತ್ತೆ. ನಾವು ಹಾಕಿದ ದಿನಕ್ಕಿಂತ ಈಗ ಅದು ಮೆತ್ತಗಿದೆ. ನಿಮಗೆ ನೋವಿಲ್ಲ, ಅದಕ್ಕೇ ಗೊತ್ತಾಗಲ್ಲ."

ಇಷ್ಟು ವರ್ಷ ಕೊಯ್ದವನಿಗೆ, ಕೊಯ್ದದ್ದು ಅಲ್ಲಿಗೆ ಮುಗಿಯಿತು ಎನ್ನುವುದಷ್ಟೇ ಗೊತ್ತಿತ್ತು. ನನ್ನ ಮಂಡಿಯೊಳಗೆ ನನ್ನನ್ನು ಕೇಳದೆ, ನನಗೆ ತಿಳಿಸದೆ, ಇಷ್ಟು ಕೆಲಸ ನಡೆಯುತ್ತಿದೆ. ನಾನು ಮಾಡಬೇಕಾದದ್ದು ಅದನ್ನು ಕೆಡಿಸದೆ ಇರುವುದು. ಅದೊಂದನ್ನೂ ಮಾಡಿರಲಿಲ್ಲ. ಬಸ್ಸಿನಲ್ಲಿ ಕೂತು ಕಲ್ಲಟ್ಟಿ ಇಳಿಯುವಾಗ ಎರಡೂ ಕೈಯಿಂದ ಮಂಡಿಯನ್ನು ಮುಚ್ಚಿಕೊಂಡಿದ್ದೆ.

ಮನೆಗೆ ಬಂದು ಭಾಗ್ಯಳಿಗೆ ಎಲ್ಲ ಹೇಳಿದೆ. ಅವಳು ಪಾತ್ರೆ ತೊಳೆಯುತ್ತಲೇ ಕೇಳಿದಳು. "ಅಂದ್ರೆ ಈಗ ಒಳಗೆ ಇರೋದು ಹಳೇದೂ ಅಲ್ಲ, ಹೊಸದೂ ಅಲ್ಲ?"

"ಹೂಂ."

"ಎಷ್ಟು ದಿನ ಹಿಂಗೆ?"

"ವರ್ಷ ಆಗಬಹುದಂತೆ."

"ಆಗಲಿ. ಅಂಗಡಿ ನಾನು ನೋಡ್ಕತೀನಿ. ಕುರಿ ಕೊಳ್ಳೋಕೆ ನೀವು ಹೋಗಿ, ಕುಂತು ಹೋಗಿ ಕುಂತು ಬನ್ನಿ. ಎತ್ತಬ್ಯಾಡಿ."

ಹಾಗೆಯೇ ಆಯಿತು. ಚಳಿಗಾಲ ಕಳೆಯಿತು, ಊಟಿಯಲ್ಲಿ ಹುಲ್ಲಿನ ಮೇಲೆ ಇಬ್ಬನಿ ಬಿಳಿಯಾಗಿ ಹೆಪ್ಪುಗಟ್ಟುವ ಬೆಳಿಗ್ಗೆಗಳಲ್ಲೂ ಆಸ್ಪತ್ರೆಗೆ ಹೋಗಿ ವ್ಯಾಯಾಮ ಕಲಿತು ಬಂದೆ. ಫೆಬ್ರವರಿಯಲ್ಲಿ ಕಾಡು ಒಣಗಿತು, ನಾನು ಮನೆಯ ಹಿಂದೆ ಒಂದು ಗೆರೆ ಎಳೆದುಕೊಂಡು ನಿಧಾನ ಓಡಲು ಶುರುಮಾಡಿದೆ. ಮೇ ತಿಂಗಳಲ್ಲಿ ಪ್ರವಾಸಿಗರ ಕಾರು ರಸ್ತೆ ತುಂಬಿದಾಗ ಅಂಗಡಿಯಲ್ಲಿ ಗಂಟೆಗಟ್ಟಲೆ ನಿಲ್ಲುತ್ತಿದ್ದೆ. ನಿಲ್ಲುತ್ತಿದ್ದದ್ದು ತಕ್ಕಡಿಯ ಬಳಿ. ದಿಮ್ಮಿಯ ಮುಂದೆ ಭಾಗ್ಯಳೇ. ನಾನು ಕೇಳಲಿಲ್ಲ, ಅವಳು ಬಿಡಲಿಲ್ಲ. ಒಂದು ದಿನ ಹಳೇ ಗಿರಾಕಿಯೊಬ್ಬರು ಬಂದು, ನಾನಿದ್ದರೂ, "ಅಕ್ಕ ಕೊಯ್ದು ಕೊಡಲಿ" ಎಂದರು. ಸ್ವಲ್ಪ ಚುರುಕ್ ಎಂದದ್ದು ಸುಳ್ಳಲ್ಲ. ಅವಳು ಕೊಯ್ಯುವುದನ್ನು ನೋಡುತ್ತಾ ನಿಂತೆ. ಗಿರಾಕಿ ಹೇಳಿದ್ದು ಸರಿಯಾಗಿತ್ತು.

ಜೂನ್‌ನಲ್ಲಿ ಕೊನೆಯ ಪರೀಕ್ಷೆ. ಆಸ್ಪತ್ರೆಯ ವರಾಂಡದಲ್ಲಿ ಒಂಟಿ ಕಾಲಿನಲ್ಲಿ ಕುಪ್ಪಳಿಸಬೇಕು, ಎಷ್ಟು ದೂರ ಹೋದೆ ಎಂದು ಟೇಪ್ ಹಿಡಿದು ಅಳೆಯುತ್ತಾರೆ. ನಲವತ್ತೈದರ ಗಂಡಸು ಕುಂಟಾಬಿಲ್ಲೆ ಆಡುವುದನ್ನು ನೋಡಲು ಸಾಲಿನಲ್ಲಿದ್ದವರೆಲ್ಲ ಎದ್ದು ಬಂದರು. ಭಾಗ್ಯ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು. ಬಲಗಾಲಿಗಿಂತ ಎಡಗಾಲು ನಾಲ್ಕು ಬೆರಳು ಹಿಂದೆ ಬಿತ್ತು. "ಸಾಕು, ಒಳ್ಳಿತ್ತು" ಎಂದರು ಡಾಕ್ಟ್ರಮ್ಮ. ಒಳ್ಳೆಯದಾಯಿತು ಎನ್ನುವುದಕ್ಕೆ ಬಡಗರು ಹಾಗೆ ಹೇಳುತ್ತಾರೆ.

"ಇನ್ನೇನಾದರೂ ಕೇಳೋದಿದೆಯಾ ಅಣ್ಣ?"

ಇತ್ತು. "ಸ್ನಾಯುವಿನ ಹುರಿ ತೆಗೆದು ಹಾಕಿದ್ರಿ. ಈಗ ಅದು ಮೂಳೆಗೆ ಮೂಳೆ ಕಟ್ಟೋ ಕೆಲಸ ಮಾಡ್ತಾ ಅದ. ಹಂಗಾದ್ರೆ ಈಗ ಅದು ಯಾವುದು ಡಾಕ್ಟ್ರಮ್ಮ?"

ಅವರು ಟೇಪ್ ಸುತ್ತುತ್ತಾ ಯೋಚಿಸಿದರು. "ಬಹುಪಾಲು ಲಿಗಮೆಂಟೇ ಆಗಿರುತ್ತೆ. ಪೂರ್ತಿ ಆಗಿದೆ ಅಂತ ನಾನೂ ಹೇಳಲಾರೆ. ಖಚಿತವಾಗಿ ತಿಳೀಬೇಕು ಅಂದ್ರೆ ತೆರೆದು, ಒಂದು ಚೂರು ತೆಗೆದು ನೋಡಬೇಕು. ನೋಡೋಣವಾ?"

ನಾನು ಬಾಯಿ ತೆರೆಯುವ ಮೊದಲೇ ಭಾಗ್ಯ ನನ್ನ ತೋಳು ಹಿಡಿದು, "ಬ್ಯಾಡ ಬುಡಿ ಡಾಕ್ಟ್ರಮ್ಮ. ಇವ್ರು ಹೂಂ ಅಂದ್ರೂ ಅಂದಾರು" ಎಂದಳು.

ಬೆಟ್ಟ ಇಳಿದು ಮಾವನಲ್ಲದಲ್ಲಿ ಬಸ್ಸು ನಿಂತಾಗ ಮಳೆ ಇರಲಿಲ್ಲ, ಗಾಳಿಯಿತ್ತು. ಆ ವರ್ಷವೆಲ್ಲ ಅವಳು ಮೊದಲು ಇಳಿದು ನನ್ನ ಕೈ ಹಿಡಿದು ಇಳಿಸಿಕೊಳ್ಳುತ್ತಿದ್ದಳು. ಅವತ್ತು ನಾನು ಮೊದಲು ಇಳಿದು, ತಿರುಗಿ ನಿಂತು ಅವಳಿಗೆ ಕೈ ಚಾಚಿದೆ. ಅವಳು ನನ್ನ ಕೈ ನೋಡಿದಳು.

"ನಂಗೇನಾಗದ? ಪಕ್ಕಕ್ಕೆ ಸರೀರಿ" ಎಂದು ಬ್ಯಾಗನ್ನು ನನ್ನ ಕೈಗೆ ಕೊಟ್ಟು, ತಾನೇ ಇಳಿದು ಮುಂದೆ ನಡೆದಳು.